ಬಾತುಕೋಳಿಗಳು ಹಸಿರಾದ ಬಗೆ

ನಮ್ಮ ಮನೆಯ ಗೊಬ್ಬರದ ಮಾನ ಕಾಪಾಡುವವನು ಇನ್ನು ಮುಂದೆ ನಾನೇ ಎಂದು ಆ ಸೋಮವಾರ ಸಂಜೆ ಮೇಜು ಗುದ್ದಿ ಘೋಷಿಸಿದೆ. ಗುದ್ದಿದ ರಭಸಕ್ಕೆ ಮೇಜಿನ ಮೇಲಿದ್ದ ಗುಂಡುಸೂಜಿಯ ಡಬ್ಬಿ ನೆಲಕ್ಕೆ ಬಿತ್ತು. ಇನ್ನೂರು ಗುಂಡುಸೂಜಿ! ಘೋಷಣೆಯ ಉಳಿದರ್ಧವನ್ನು ಮಂಡಿಯೂರಿ ಸೂಜಿ ಹೆಕ್ಕುತ್ತಲೇ ಮಾಡಬೇಕಾಯಿತು.

"ಗೊಬ್ಬರಕ್ಕೂ ಮಾನ ಇದೆ ಅಂತ ಇವತ್ತು ಗೊತ್ತಾಯ್ತಾ ನಿಮಗೆ?" ಎಂದಳು ನನ್ನ ಹೆಂಡತಿ. "ಹತ್ತು ವರ್ಷದಿಂದ ಹೊತ್ತು ಹಾಕ್ತಿರೋಳು ನಾನು. ಒಂದು ದಿನ ಬುಟ್ಟಿ ಮುಟ್ಟಿದ್ದೀರಾ?"

ಮುಟ್ಟಿಲ್ಲ ಸ್ವಾಮಿ, ಒಪ್ಪಿಕೊಳ್ಳುತ್ತೇನೆ. ನಾನು ದರ್ಜಿ. ಮನೆಯ ಮುಂದಿನ ಕೋಣೆ ನನ್ನದು: ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ. ಮನೆಯ ಹಿಂದಿನದೆಲ್ಲ ಅವಳದು: ಕೊಟ್ಟಿಗೆ, ನಾಲ್ಕು ಹಸು, ಗೊಬ್ಬರದ ಗುಂಡಿ, ಹಳ್ಳದವರೆಗೆ ಇಳಿದು ಹೋಗುವ ತರಕಾರಿ ಹೊಲ. ಗುಂಡಿ ಎಂದರೆ ನನಗೆ ಅಂಗಿಯದು, ಅವಳಿಗೆ ಗೊಬ್ಬರದ್ದು. ಈ ಒಪ್ಪಂದದ ಮೇಲೆ ನಮ್ಮ ಸಂಸಾರ ಸುಸೂತ್ರವಾಗಿ ನಡೆದಿತ್ತು.

ಆದರೆ ಅವತ್ತು ನಡೆದದ್ದು ಕೇಳಿದರೆ ನಿಮ್ಮ ರಕ್ತವೂ ಕುದಿಯುತ್ತದೆ!

ಹಳ್ಳದ ನೀರು ಕೆಟ್ಟಿದೆ ಎಂದು ಸುತ್ತಲಿನ ಮನೆಯವರೆಲ್ಲ ಸಭೆ ಸೇರಿದ್ದೆವು. ಹಳ್ಳದ ಕೆಳಗಿನ ತಿರುವಿನಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ ಇದ್ದಾರೆ, ಎಲ್ಲರಿಗೂ ಟೀಚರಮ್ಮ. ಅವರಿಗೆ ಆರು ಬಿಳಿ ಬಾತುಕೋಳಿ, ಒಂದು ಬಾವಿ. ಟೀಚರಮ್ಮ ಒಂದು ಬಾಟಲಿ ನೀರು ಎತ್ತಿ ಹಿಡಿದು, ತರಗತಿಗೆ ಪಾಠ ಹೇಳುವ ದನಿಯಲ್ಲಿ, "ನೋಡಿ, ನೊರೆ. ಮೂಸಿ, ಗಂಜಲ. ವಾರದಿಂದ ನನ್ನ ಬಾತುಕೋಳಿಗಳು ನೀರಿಗೆ ಇಳೀತಿಲ್ಲ. ನನ್ನ ಬಾವಿ ನೀರೂ ವಾಸನೆ. ಮೇಲಿನಿಂದ ಯಾರದ್ದೋ ಕೊಟ್ಟಿಗೆ ನೀರು ಬರ್ತಿದೆ" ಎಂದರು.

ಮೇಲಿರುವುದು ಎರಡೇ ಕೊಟ್ಟಿಗೆ. ಈಚೆ ದಡದಲ್ಲಿ ನಮ್ಮದು, ಸ್ವಲ್ಪ ಕೆಳಗೆ ಆಚೆ ದಡದಲ್ಲಿ ನನ್ನ ಹೆಂಡತಿಯ ತಮ್ಮನದು. ಈ ಭಾವಮೈದನಿಗೆ ಎಂಟು ಹಸು. ಮುಖದಲ್ಲಿ ಸದಾ ನಗು. ಅವನು ನಕ್ಕಾಗಲೆಲ್ಲ ನನ್ನ ಅಂಗಿಯಲ್ಲೇ ಏನೋ ಹರಿದಿದೆ ಅನ್ನಿಸುತ್ತದೆ. ಅವನು ಎದ್ದು ನಿಂತು, ಅದೇ ನಗು ನಕ್ಕು, "ನಮ್ಮ ಕಡೆಯಿಂದಂತೂ ಅಲ್ಲ ಟೀಚರಮ್ಮ. ಆಚೆ ದಡ ಒಂದ್ಸಲ ಮೂಸಿ ನೋಡಿ!" ಎಂದ. ಸಭೆಗೆ ಸಭೆಯೇ ನಕ್ಕಿತು. ನಕ್ಕವರ ಪೈಕಿ ಏಳು ಜನ ನಾನು ಹೊಲಿದ ಪ್ಯಾಂಟು ತೊಟ್ಟಿದ್ದರು! ಕೃತಜ್ಞತೆ ಬೇಡವೇ?

"ಎಂಟು ಹಸು ಇಟ್ಕೊಂಡೋನು ನಾಲ್ಕು ಹಸು ಮನೆ ಕಡೆ ಬೆರಳು ತೋರಿಸ್ತಾನೆ! ಲೆಕ್ಕ ಬರಲ್ವಾ ಅವನಿಗೆ?" ಎಂದು ಮನೆಗೆ ಬಂದು ಕೂಗಾಡಿದೆ.

"ನನ್ನ ತಮ್ಮ ತಮಾಷೆಗೆ ಅಂದಿದ್ದು ಕಣ್ರೀ."

"ನಿನ್ನ ತಮ್ಮ ಅನ್ನೋದೇ ಒಂದು ತಮಾಷೆ!"

ಒಂದು ಗುಂಡುಸೂಜಿ ನನ್ನ ಮಂಡಿಗೆ ಚುಚ್ಚಿತು. ಅಕ್ಕ ತಮ್ಮಂದಿರ ಪರವಾಗಿ ಸೂಜಿಯೂ ನಿಲ್ಲುವ ಕಾಲ ಇದು.

ಗುರುವಾರ ನೀರಿನ ಪರೀಕ್ಷೆಯ ಕಚೇರಿಯಿಂದ ಒಬ್ಬ ಮೇಡಂ ಬಂದರು. ಕೈಯಲ್ಲೊಂದು ಪೆಟ್ಟಿಗೆ, ಕಾಲಿಗೆ ರಬ್ಬರ್ ಬೂಟು, ಮೈಮೇಲೆ ಬೂದು ಕೋಟು. ನಾನು ಟೇಪನ್ನು ಕೊರಳಿಗೆ ಹಾಕಿಕೊಂಡು ಮುಂದೆ ನಿಂತೆ. ಮಾತೆಲ್ಲ ನನ್ನದೇ ಎಂದು ಮೊದಲೇ ತಾಕೀತು ಮಾಡಿದ್ದೆ. ಆದರೆ ಮೇಡಂ ಕೇಳಿದ ಮೊದಲ ಪ್ರಶ್ನೆಗೇ ನನ್ನ ಬಂಡವಾಳ ಮುಗಿಯಿತು.

"ಗೊಬ್ಬರ ಯಾವಾಗ ಹರಡ್ತೀರಿ?"

"ಅದು... ಬೇಕಾದಾಗ," ಎಂದೆ.

ಹೆಂಡತಿ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. "ಎರಡು ದಿನ ಮಳೆ ಇಲ್ಲ ಅಂತ ಖಾತ್ರಿ ಆದ್ಮೇಲೆ ಮಾತ್ರ ಮೇಡಂ. ನೆಲ ನೆಂದು ಕೆಸರಾಗಿದ್ರೆ ಹರಡಲ್ಲ. ತೆಳ್ಳಗೆ ಹರಡಿ ಅವತ್ತೇ ಮಣ್ಣಿಗೆ ಸೇರಿಸ್ತೀನಿ. ಬೆಳೆ ಎಷ್ಟು ತಿನ್ನುತ್ತೋ ಅಷ್ಟೇ. ಜಾಸ್ತಿ ಹಾಕಿದ್ರೆ ಉಳಿದದ್ದು ಹಳ್ಳಕ್ಕೇ ಅಲ್ವಾ ಹೋಗೋದು? ಇಗೋ, ಯಾವತ್ತು ಎಷ್ಟು ಬುಟ್ಟಿ ಅಂತ ಬರ್ದಿಟ್ಟಿದ್ದೀನಿ."

ಹಳೆಯ ಅಳತೆ ಪುಸ್ತಕವೊಂದರ ಹಿಂಬದಿಯಲ್ಲಿ ಹತ್ತು ವರ್ಷದ ಗೊಬ್ಬರದ ಜಾತಕವಿತ್ತು! ಮುಂಬದಿಯಲ್ಲಿ ನಾನು ಬರೆದ ಸೊಂಟದ ಸುತ್ತಳತೆ, ಹಿಂಬದಿಯಲ್ಲಿ ಅವಳ ಬುಟ್ಟಿ. ಹೊಲಕ್ಕೆ ಕರೆದೊಯ್ದು ತೋರಿಸಿದಳು. ಹಳ್ಳದ ಉದ್ದಕ್ಕೂ ಇಪ್ಪತ್ತೈದು ಹೆಜ್ಜೆ ಬಿಟ್ಟು ಗೂಟ ನೆಟ್ಟಿದ್ದಳು. ಗೂಟದ ತುದಿಗೆ ಕೆಂಪು ಬಟ್ಟೆ. ಅದರಾಚೆ ಹುಲ್ಲು ಮಾತ್ರ, ಗೊಬ್ಬರದ ಒಂದು ಕಣವೂ ಇಲ್ಲ. ಕೆಂಪು ಬಟ್ಟೆ ನನ್ನ ಅಂಗಡಿಯ ಚೂರು ಎಂಬುದನ್ನು ಮೇಡಂ ಗಮನಕ್ಕೆ ತಂದೆ. ಅವರು ಬರೆದುಕೊಳ್ಳಲಿಲ್ಲ.

"ಕೊಟ್ಟಿಗೆ ತೊಳೆದ ನೀರು?" ಎಂದರು ಮೇಡಂ.

"ಪೈಪು!" ನಾನು ಎದೆ ಉಬ್ಬಿಸಿದೆ. "ನೆಲದಡಿ ಪೈಪು! ಏಳು ವರ್ಷದ ಹಿಂದೆ ನಾನೇ ಕೈಯಾರೆ ಹಾಕಿದ್ದು. ನೇರ ಗುಂಡಿಗೆ. ಅವತ್ತಿಂದ ಇವತ್ತಿನವರೆಗೆ ಗುಂಡಿ ಒಂದ್ಸಲ ಉಕ್ಕಿಲ್ಲ ಮೇಡಂ!"

"ಅದೊಂದು ಕೆಲಸ ಮಾತ್ರ ಇವರು ಚೆನ್ನಾಗಿ ಮಾಡಿದ್ದಾರೆ," ಎಂದಳು ಹೆಂಡತಿ. ಹೊಗಳಿಕೆ! ಅದೂ ಸಾಕ್ಷಿಯ ಮುಂದೆ! ಆ ಪೈಪಿನ ಬಗ್ಗೆ ನಿಮಗೆ ಒಂದು ಸಣ್ಣ ವಿಷಯ ಹೇಳುವುದಿದೆ, ಆಮೇಲೆ ಹೇಳುತ್ತೇನೆ.

ಮೇಡಂ ಕೋಣೆಗೆ ಬಂದು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು ವಿಷಯ ತಿಳಿಸಿದರು. ನಾಳೆ ಹತ್ತು ಗಂಟೆಗೆ ಬಣ್ಣದ ಪರೀಕ್ಷೆ. ಪೆಟ್ಟಿಗೆಯಲ್ಲಿ ಕಿತ್ತಳೆ ಬಣ್ಣದ ಪುಡಿಯ ಪೊಟ್ಟಣಗಳಿದ್ದವು. ಒಣಗಿದ್ದಾಗ ಕಿತ್ತಳೆ, ನೀರು ತಾಗಿದರೆ ಕಣ್ಣು ಕುಕ್ಕುವ ಹಸಿರು. ಪ್ರಾಣಿಗೂ ಮನುಷ್ಯರಿಗೂ ಅಪಾಯವಿಲ್ಲ. ಗುಂಡಿಗೆ ಹಾಕಿ ಕಾಯುವುದು. ಹಳ್ಳದಲ್ಲಿ ಹಸಿರು ಕಂಡರೆ ಗುಂಡಿ ಸೋರುತ್ತಿದೆ ಎಂದರ್ಥ.

"ಸೋರಿದ್ರೆ?" ಎಂದಳು ಹೆಂಡತಿ.

"ಗುಂಡಿ ಮುಚ್ಚಿಸ್ಬೇಕಾಗುತ್ತೆ. ಹೊಸದು ಕಟ್ಟೋವರೆಗೂ ಆ ಜಾಗದಲ್ಲಿ ದನ ಇಟ್ಕೊಳ್ಳೋ ಹಾಗಿಲ್ಲ."

ಹೆಂಡತಿಯ ಮುಖ ಬಾಡಿತು. ಅವಳ ಮೆಚ್ಚಿನ ಹಸು, ಎಲ್ಲಕ್ಕೂ ಮುಂದೆ ನುಗ್ಗುವುದರಿಂದ ಅದಕ್ಕೆ ಗಡಿಬಿಡಿ ಎಂದೇ ಹೆಸರು, ದಿನ ತುಂಬಿ ನಿಂತಿತ್ತು. "ಇವತ್ತೋ ನಾಳೆಯೋ ಕರು ಹಾಕೋ ಹಸು ಮೇಡಂ. ಎಲ್ಲಿಗೆ ಹೊಡ್ಕೊಂಡು ಹೋಗ್ಲಿ? ಮೇಲಿಂದ ಎಲ್ಲ ಸರಿಯಾಗಿ ನೋಡ್ಕೊಂಡಿದ್ದೀನಿ. ಗುಂಡಿ ತಳದಲ್ಲಿ ಎಲ್ಲಾದ್ರೂ ಸೀಳು ಬಿಟ್ಟಿದ್ರೆ ನನಗೇನು ಗೊತ್ತು?" ಎಂದಳು. ದನಿ ಸಣ್ಣಗಾಗಿತ್ತು. ಅವಳ ದನಿ ಸಣ್ಣಗಾದದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ. ನನಗೆ ತಡೆಯಲಾಗಲಿಲ್ಲ.

"ಮೊದಲು ಆಚೆ ದಡದ್ದು ನೋಡಿ ಮೇಡಂ! ಎಂಟು ಹಸು!"

"ಮೊದಲು ನಿಮ್ಮದು. ಮಧ್ಯಾಹ್ನ ಅವರದು. ಮೇಲಿನಿಂದ ಕೆಳಕ್ಕೆ ನೋಡ್ಕೊಂಡು ಹೋಗೋದೇ ಪದ್ಧತಿ."

ನೋಡಿದಿರಾ ಅನ್ಯಾಯ! ನಮ್ಮ ಗುಂಡಿಯ ಪರೀಕ್ಷೆ ನಡೆಯುವಷ್ಟರಲ್ಲಿ ಆಚೆ ದಡದ ಘಾಟಿ ಮನುಷ್ಯ ತನ್ನ ಗುಂಡಿಯ ಸೀಳಿಗೆಲ್ಲ ತೇಪೆ ಹಾಕಿ ಮುಗಿಸಿರುತ್ತಾನೆ! ತೇಪೆ ಎಂದರೇನು ಎಂದು ದರ್ಜಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಷ್ಟರಲ್ಲಿ ಮೇಡಂ ಕೋಟಿನ ಎರಡನೆಯ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿರುವುದು ಕಣ್ಣಿಗೆ ಬಿತ್ತು. ನೇತಾಡುವ ಗುಂಡಿ ಕಂಡರೆ ನನಗೆ ಕೈ ಕಡಿಯುತ್ತದೆ. "ಎರಡು ನಿಮಿಷ ಕೊಡಿ ಮೇಡಂ" ಎಂದು ಕೋಟು ಇಸಿದುಕೊಂಡೆ. ಅವರು ಹೆಂಡತಿಯ ಪುಸ್ತಕ ನೋಡುತ್ತ ಕುಳಿತರು. ನಾನು ಗುಂಡಿ ಹಾಕಿದೆ, ದಾರ ಹಲ್ಲಿನಿಂದ ಕಡಿದೆ, ಕೋಟು ಮಡಚಿದೆ, ಪೆಟ್ಟಿಗೆಯಿಂದ ಒಂದು ಪೊಟ್ಟಣ ನನ್ನ ಜೇಬಿಗೆ ಇಳಿಸಿದೆ. ಕದ್ದೆ ಎನ್ನಬೇಡಿ. ನ್ಯಾಯದ ಒಂದು ಭಾಗವನ್ನು ಮುಂಗಡ ಪಡೆದೆ, ಅಷ್ಟೇ.

ಮರುದಿನ ಬೆಳಿಗ್ಗೆ ಹೆಂಡತಿ ಹಾಲು ಕರೆಯಲು ಕುಳಿತ ಹೊತ್ತಿಗೆ, ಟೇಪು ಕೊರಳಿಗೆ ಹಾಕಿಕೊಂಡು, ಹಲಗೆ ಸೇತುವೆ ದಾಟಿ ಆಚೆ ದಡಕ್ಕೆ ಹೋದೆ. ಭಾವಮೈದನ ಗುಂಡಿಗೆ ತಗಡಿನ ಮುಚ್ಚಳ ಬೇರೆ! ಕದ್ದು ಮುಚ್ಚಿ ಬದುಕುವವರಿಗೆ ತಾನೆ ಮುಚ್ಚಳ ಬೇಕಾಗುವುದು? ತಗಡು ಸರಿಸಿ ಪೊಟ್ಟಣ ತೆಗೆದೆ. ದಪ್ಪ ಪ್ಲಾಸ್ಟಿಕ್ಕು. ಉಗುರಿಗೆ ಬಗ್ಗಲಿಲ್ಲ. ಕತ್ತರಿ ತಂದಿರಲಿಲ್ಲ.

ಅಲ್ಲೇ ಸ್ವಾಮಿ ನನ್ನ ಕಸುಬು ನನಗೆ ಕೈಕೊಟ್ಟಿದ್ದು. ಮೂವತ್ತು ವರ್ಷ ದಾರ ಕಡಿದ ಹಲ್ಲು! ಎದುರಿಗೆ ಏನೇ ಸಿಕ್ಕಲಿ, ಕತ್ತರಿ ಇಲ್ಲವೆಂದರೆ ಬಾಯಿಗೆ ಹೋಗುತ್ತದೆ. ಪೊಟ್ಟಣದ ಮೂಲೆ ಕಚ್ಚಿ ಎಳೆದೆ. ಬರಲಿಲ್ಲ. ಇನ್ನೊಂದು ಸಲ ಎಳೆದೆ. ಪಟಾರ್! ಅರ್ಧ ಪುಡಿ ಗುಂಡಿಗೆ, ಇನ್ನರ್ಧ ನನ್ನ ಮೀಸೆಗೆ, ತುಟಿಗೆ, ಕೈಗೆ, ಅಂಗಿಯ ಎದೆಗೆ.

"ಏನ್ ಭಾವ, ಬೆಳಿಗ್ಗೆ ಬೆಳಿಗ್ಗೆನೇ ನಮ್ಮ ಗೊಬ್ಬರ ನೋಡೋಕೆ ಬಂದ್ರಾ?"

ಹಿಂದೆ ಭಾವಮೈದ! ಕೈಯಲ್ಲಿ ಬಕೆಟ್ಟು, ಮುಖದಲ್ಲಿ ಅದೇ ನಗು. ನಾನು ಖಾಲಿ ಪೊಟ್ಟಣ ಜೇಬಿಗೆ ತುರುಕಿ, ಕೊರಳಿನ ಟೇಪು ಎಳೆದು ಗುಂಡಿಯ ಅಂಚಿಗೆ ಹಿಡಿದೆ. "ಅಳತೆ... ಅಳತೆ ತಗೊಳ್ತಿದ್ದೆ."

"ಯಾಕೆ ಭಾವ, ನಮ್ಮ ಗುಂಡಿಗೆ ಅಂಗಿ ಹೊಲೀತೀರಾ?"

ತುಟಿ ಒತ್ತಿ ಹಿಡಿದು, ಘನತೆಯಿಂದ ಸೇತುವೆ ದಾಟಿ ಬಂದೆ. ಪುಡಿಯನ್ನು ಕರವಸ್ತ್ರದಿಂದ ಕೊಡವಿದೆ. ಒಣ ಪುಡಿ ತಾನೆ, ಇಟ್ಟಿಗೆ ಧೂಳಿನ ಹಾಗೆ ಉದುರಿತು. ಎಲ್ಲ ಹೋಯಿತು ಅಂದುಕೊಂಡೆ. ಇನ್ನು ಹಳ್ಳ ಹಸಿರಾಗುವುದನ್ನು ಕಾಯುವುದಷ್ಟೇ ಬಾಕಿ!

ಕಾಯುತ್ತ ಕುಳಿತರೆ ಕೆಲಸ ಸಾಗಬೇಕಲ್ಲ. ಆಸ್ಪತ್ರೆಯ ನರ್ಸುಗಳಿಗೆ ಹನ್ನೆರಡು ಬಿಳಿ ಕೋಟು ಮುಗಿಸಬೇಕಿತ್ತು. ಸೂಜಿಗೆ ಪೋಣಿಸಲು ಬಿಳಿ ದಾರದ ತುದಿಯನ್ನು ಬಾಯಿಗಿಟ್ಟು ಒದ್ದೆ ಮಾಡಿದೆ. ಹೊರಗೆ ತೆಗೆದರೆ ದಾರ ಹಸಿರು! ಬಣ್ಣ ಬಿಡುವ ದಾರ ಕೊಟ್ಟ ಅಂಗಡಿಯವನಿಗೆ ಬೈಯುತ್ತ ಇನ್ನೊಂದು ಉರುಳೆ ತೆಗೆದೆ. ಅದೂ ಹಸಿರು! ಕೋಪಕ್ಕೆ ಬೆವರಿದೆ. ಬೆವರು ಒರೆಸಿಕೊಂಡ ಕೈಯನ್ನು ಕೋಟಿನ ಮೇಲಿಟ್ಟೆ. ಬಿಳಿ ಕೋಟಿನ ಎದೆಯ ಮೇಲೆ ಐದು ಬೆರಳಿನ ಹಸಿರು ಅಚ್ಚು! ತಲೆ ಎತ್ತಿ ಕನ್ನಡಿ ನೋಡಿದೆ.

ಹಸಿರು ಮೀಸೆ. ಹಸಿರು ತುಟಿ. ಬಾಯಿ ತೆರೆದರೆ ಸಾಲಾಗಿ ಹಸಿರು ಹಲ್ಲು, ನಡುವೆ ಹಸಿರು ನಾಲಿಗೆ. ಕೈ ಕೆಸರಾದರೆ ಬಾಯಿ ಮೊಸರಂತೆ. ನನ್ನದು ಕೈಯೂ ಹಸಿರು, ಬಾಯಿಯೂ ಹಸಿರು!

ಹೆಂಡತಿ ಹಾಲು ಹಾಕಿ ಬರಲು ಡೈರಿಗೆ ಹೋಗಿದ್ದಳು. ಒಂದೇ ಓಟಕ್ಕೆ ಕೊಟ್ಟಿಗೆಯ ನಲ್ಲಿ ಹಿಡಿದೆ. ಬಾಯಿ ಮುಕ್ಕಳಿಸಿದೆ, ಹಸಿರು. ಮೀಸೆ ಉಜ್ಜಿದೆ, ಇನ್ನೂ ಹಸಿರು. ನೀರು ಹಾಕಿದಷ್ಟೂ ಬಣ್ಣ ಹೆಚ್ಚುತ್ತಿತ್ತು. ಅಂಗಿ ಬಿಚ್ಚಿ ಬಕೆಟ್ಟಿಗೆ ಅದ್ದಿದೆ. ಬಕೆಟ್ಟು ಬಕೆಟ್ಟೇ ಹಸಿರು. ಸುರಿದೆ. ಇನ್ನೊಂದು ತುಂಬಿಸಿ ಸುರಿದೆ. ಆರು ಬಕೆಟ್ಟು! ಗಡಿಬಿಡಿ ಮೇವು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಹುಲ್ಲಿನ ಬಣ್ಣದ ಮನುಷ್ಯನನ್ನು ಅದು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಹಸಿರು ನೀರೆಲ್ಲ ಗುಳುಗುಳು ಎಂದು ಕೊಟ್ಟಿಗೆಯ ಮೋರಿಗಿಳಿಯಿತು. ಆಗ ನನಗೆ ಹೊಳೆಯಿತು. ಈ ಮೋರಿ ಪೈಪಿಗೆ, ಪೈಪು ಗುಂಡಿಗೆ! ಮೇಡಂ ಬರುವ ಮೊದಲೇ ನಮ್ಮ ಗುಂಡಿ ಹಸಿರಾದರೆ ಏನು ಹೇಳಲಿ? ಬರಿಮೈಯಲ್ಲಿ ಓಡಿಹೋಗಿ ಗುಂಡಿ ಇಣುಕಿದೆ. ಒಣಗಿದ, ಕಂದು ಬಣ್ಣದ, ಸಭ್ಯ ಗೊಬ್ಬರ. ಒಂದು ಹನಿ ಹಸಿರಿಲ್ಲ! "ಅಬ್ಬಾ, ಬದುಕಿದೆ!" ಎಂದು ಕುಣಿದೆ. "ಪೈಪಿನ ನೀರು ಗುಂಡಿಗೆ ಬರುವುದೇ ಇಲ್ಲವಲ್ಲ!"

ಆ ಸಂತೋಷ ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಇತ್ತು.

ಈಗ ಆ ಸಣ್ಣ ವಿಷಯ ಹೇಳಿಬಿಡುತ್ತೇನೆ. ಏಳು ವರ್ಷದ ಹಿಂದೆ ಹೆಂಡತಿ ಹತ್ತು ದಿನ ತವರಿಗೆ ಹೋಗಿದ್ದಾಗ, ಅವಳು ಬಕೆಟ್ಟು ಹೊರುವುದು ತಪ್ಪಲಿ ಎಂದು ನಾನು ಪೈಪು ಹಾಕಿದ್ದು ನಿಜ. ಟೇಪು ಹಿಡಿದು ಉದ್ದ ಅಳೆದೆ. ಅಗಲ ಅಳೆದೆ. ಎತ್ತರ ಅಳೆಯಲಿಲ್ಲ. ಗುಂಡಿಯ ಬಾಯಿ ಕೊಟ್ಟಿಗೆಯ ನೆಲಕ್ಕಿಂತ ಒಂದು ಗೇಣು ಮೇಲಿತ್ತು. ನೀರಿಗೆ ಮೇಲೆ ಹತ್ತು ಎಂದರೆ ಹತ್ತುತ್ತದೆಯೇ? ಹೆಂಡತಿ ಬರುವ ದಿನ ಬಂತು. ಸದ್ಯಕ್ಕೆ ಇರಲಿ ಎಂದು ಪೈಪಿನ ತುದಿಯನ್ನು ಬೇಲಿಯ ಕೆಳಗೆ ಒಂದು ಹಳೇ ಚರಂಡಿಗೆ ತಿರುಗಿಸಿ ಮಣ್ಣು ಮುಚ್ಚಿದೆ. ಕಚ್ಚಾ ಹೊಲಿಗೆ ಎನ್ನುತ್ತೇವಲ್ಲ, ಹಾಗೆ. ಗಟ್ಟಿ ಹೊಲಿಗೆ ಆಮೇಲೆ ಹಾಕಿದರಾಯಿತು ಎಂದು. ಅವಳು ಬಂದವಳು ಎಷ್ಟು ಸಂತೋಷಪಟ್ಟಳೆಂದರೆ, ಬಾಯಿ ಬಿಡಲು ಮನಸ್ಸಾಗಲಿಲ್ಲ. ಆಮೇಲೆ ಮರೆತೆ. ಸುಮ್ಮನೆ ಮರೆತದ್ದಲ್ಲ, ಮರೆಯಲು ಬಹಳ ಕಷ್ಟಪಟ್ಟಿದ್ದೆ!

ಆ ಹಳೇ ಚರಂಡಿ ಹುಲ್ಲಿನೊಳಗೇ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ನೆನಪಾಗುವುದಕ್ಕೂ, ಕೆಳಗಿನ ತಿರುವಿನಿಂದ ಟೀಚರಮ್ಮನ ಕಿರುಚು ಕೇಳುವುದಕ್ಕೂ ಸರಿಹೋಯಿತು.

"ಅಯ್ಯೋ! ನನ್ನ ಬಾತುಕೋಳಿಗಳು!"

ನೀವೇ ಹೇಳಿ, ವಾರದಿಂದ ನೀರಿಗಿಳಿಯದ ಪ್ರಾಣಿಗಳು ಅವತ್ತೇ ಇಳಿಯಬೇಕೇ? ಆರಕ್ಕೆ ಆರೂ ಹಸಿರು ನೀರಿನಲ್ಲಿ ಮುಳುಗಿ ಎದ್ದು, ರೆಕ್ಕೆ ಬಡಿದು, ಹಸಿರಾಗಿ ದಡದಲ್ಲಿ ಮೆರವಣಿಗೆ ಹೊರಟಿದ್ದವು. ನಾನು ಬೇರೆ ಅಂಗಿ ಹಾಕಿಕೊಂಡು, ಬಾಯಿಗೆ ಕರವಸ್ತ್ರ ಒತ್ತಿ, ಎಡಗೈಯನ್ನು ಜೇಬಿಗಿಳಿಸಿ ಹೋಗುವಷ್ಟರಲ್ಲಿ ಅರ್ಧ ಊರೇ ಸೇರಿತ್ತು. ಸರಿಯಾಗಿ ಹತ್ತು ಗಂಟೆ. ಮೇಡಂ ಕೂಡ ಬಂದಿದ್ದರು. ಖಾಲಿ ಹಾಲಿನ ಕ್ಯಾನು ಹಿಡಿದ ಹೆಂಡತಿಯೂ ಬಂದಳು.

"ಇದೇನ್ರೀ ಬಾಯಿಗೆ?"

"ಹೂಂ ಹೂಂ," ಎಂದು ಕೆನ್ನೆ ತೋರಿಸಿದೆ. ಹಲ್ಲುನೋವು ಎಂದು ಅರ್ಥಮಾಡಿಕೊಂಡಳು.

"ನಾನಿನ್ನೂ ಬಣ್ಣ ಹಾಕೇ ಇಲ್ಲವಲ್ಲ!" ಎಂದು ಮೇಡಂ ಪೆಟ್ಟಿಗೆ ತೆರೆದು ಎಣಿಸಿದರು. "ಒಂದು ಪೊಟ್ಟಣ ಕಡಿಮೆ ಇದೆ." ಅವರ ಕಣ್ಣು ಎಲ್ಲರ ಮೇಲೂ ಹರಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಲಿಲ್ಲ, ಜೇಬಿನಲ್ಲಿದ್ದ ಕೈಯನ್ನು ಇನ್ನೂ ಆಳಕ್ಕೆ ಇಳಿಸಿದೆ.

ಭಾವಮೈದನ ಗುಂಡಿ ಹತ್ತಿರವಿತ್ತು. ಮೇಡಂ ಹೋಗಿ ತಗಡು ಸರಿಸಿದರು. ಗುಂಡಿಯ ಮೇಲೆಲ್ಲ ಹಸಿರು ಮಿಂಚುತ್ತಿತ್ತು! ಸ್ವಾಮಿ, ಆ ಕ್ಷಣ ನನಗೆ ಪೈಪು ಮರೆತುಹೋಯಿತು, ಪೊಟ್ಟಣ ಮರೆತುಹೋಯಿತು, ಮೀಸೆ ಮರೆತುಹೋಯಿತು. ಕರವಸ್ತ್ರ ಕಿತ್ತೆಸೆದು, ಎರಡೂ ಕೈ ಎತ್ತಿ ಗರ್ಜಿಸಿದೆ.

"ನಾನು ಹೇಳಲಿಲ್ವಾ! ಇವನ ಗುಂಡೀದೇ! ಎಲ್ಲರೂ ನೋಡಿ! ಕಣ್ಣು ಬಿಟ್ಟು ನೋಡಿ!"

ಎಲ್ಲರೂ ಕಣ್ಣು ಬಿಟ್ಟು ನೋಡಿದರು. ಆದರೆ ಗುಂಡಿಯನ್ನಲ್ಲ.

ಭಾವಮೈದ ನಿಧಾನವಾಗಿ, "ಭಾವ, ಹಲ್ಲು ಚೆನ್ನಾಗಿ ಹಣ್ಣಾಗಿಲ್ಲ, ಇನ್ನೂ ಕಾಯಿ ಇದ್ದಂಗಿದೆ" ಎಂದ. ಜನ ಬಿದ್ದು ಬಿದ್ದು ನಕ್ಕರು. ಆ ಏಳು ಪ್ಯಾಂಟಿನವರು ಎಲ್ಲರಿಗಿಂತ ಜೋರಾಗಿ ನಕ್ಕರು.

ಮೇಡಂ ಮಾತ್ರ ನಗಲಿಲ್ಲ. ಗುಂಡಿಯ ಕೆಳಗಿನ ದಡ ನೋಡಿದರು. ಒಂದು ಹನಿ ಹಸಿರು ಜಿನುಗಿರಲಿಲ್ಲ. "ಈ ಗುಂಡಿ ಗಟ್ಟಿ ಇದೆ. ಹಸಿರು ಇಲ್ಲಿಂದ ಬಂದಿಲ್ಲ, ಮೇಲಿನಿಂದ ಬರ್ತಿದೆ" ಎಂದರು. ಹಸಿರು ಗೆರೆ ಹಿಡಿದು ಅವರು ಮುಂದೆ, ಊರು ಅವರ ಹಿಂದೆ, ಊರಿನ ಹಿಂದೆ ಬಾತುಕೋಳಿಗಳು, ಎಲ್ಲರಿಗೂ ಹಿಂದೆ ನಾನು. ಸೇತುವೆ ದಾಟಿ, ನಮ್ಮ ಹೊಲದಂಚಿನ ಹುಲ್ಲು ಸರಿಸಿ, ಹಳೇ ಚರಂಡಿ ಹತ್ತಿ, ನಮ್ಮ ಬೇಲಿಯ ಬುಡಕ್ಕೆ ಬಂದು ನಿಂತೆವು. ಪೈಪಿನ ತುದಿಯಿಂದ ಹಸಿರು ಹನಿ ತೊಟ್ಟಿಕ್ಕುತ್ತಿತ್ತು. ತೊಟ್... ತೊಟ್... ಸುತ್ತಲಿನ ಮಣ್ಣು ಏಳು ವರ್ಷದ ಗಂಜಲ ಕುಡಿದು ಕರ್ರಗೆ ಕೊಳೆತಿತ್ತು, ಇನ್ನು ಕುಡಿಯಲಾರದೆ ಈಚೆಗೆ ಬಂದದ್ದನ್ನೆಲ್ಲ ಹಳ್ಳಕ್ಕೇ ಬಿಡುತ್ತಿತ್ತು.

"ಇದು ಯಾವ ಪೈಪು?" ಎಂದರು ಮೇಡಂ.

"ಅದು ಗುಂಡಿಗೆ ಹೋಗೋ..." ಎಂದು ಆರಂಭಿಸಿದ ಹೆಂಡತಿ ಅಲ್ಲಿಗೇ ನಿಲ್ಲಿಸಿದಳು. ನನ್ನತ್ತ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು! ಬೈಯಲಿಲ್ಲ. "ಏಳು ವರ್ಷ," ಎಂದಳು ಅಷ್ಟೇ. ಆಮೇಲೆ ಟೀಚರಮ್ಮನ ಕೈ ಹಿಡಿದುಕೊಂಡಳು. "ಟೀಚರಮ್ಮ, ಹೊಲಕ್ಕೆ ಒಂದು ಬುಟ್ಟಿ ಹೆಚ್ಚು ಹಾಕೋಕೆ ಹತ್ತು ಸಲ ಯೋಚನೆ ಮಾಡ್ತಿದ್ದೆ. ಏಳು ವರ್ಷದಿಂದ ನಿಮ್ಮ ಬಾವಿಗೆ ನಾನೇ ಕೊಟ್ಟಿಗೆ ನೀರು ಬಿಟ್ಟಿದ್ದೀನಲ್ಲ."

ಅವಳ ಕಣ್ಣು ತುಂಬಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅವಳಲ್ಲ ಟೀಚರಮ್ಮ, ನಾನು. ಪೈಪು ನಂದು, ಸುಳ್ಳೂ ನಂದು. ಪೊಟ್ಟಣ ಕದ್ದೋನೂ ನಾನೇ ಮೇಡಂ" ಎಂದೆ. ಅಷ್ಟು ಗಂಭೀರವಾದ ಮಾತನ್ನು ಜೀವಮಾನದಲ್ಲಿ ಆಡಿರಲಿಲ್ಲ. ಆದರೆ ಹಸಿರು ಬಾಯಲ್ಲಿ ಆಡಿದ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ನಿನಗ್ಯಾಕಮ್ಮ ಅಳು?" ಎಂದರು ಟೀಚರಮ್ಮ. ಆಮೇಲೆ ನನ್ನತ್ತ ತಿರುಗಿ, "ನಿನ್ನ ಅಳತೆ ಟೇಪು ಮೇಲ್ಗಡೆಗೂ ಹೋಗುತ್ತಪ್ಪಾ. ಉದ್ದಕ್ಕೆ ಮಾತ್ರ ಅಲ್ಲ" ಎಂದರು. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಮತ್ತೆ ಹಿಂದಿನ ಬೆಂಚಿಗೆ ಹೋದೆ.

ಮೇಡಂ ಹೊಸ ಪೊಟ್ಟಣ ತೆಗೆದರು. ಕತ್ತರಿಯಿಂದ ಕತ್ತರಿಸಿದರು, ನನ್ನನ್ನು ನೋಡುತ್ತಲೇ! ನಮ್ಮ ಗುಂಡಿಗೆ ಹಾಕಿ ಮೂರು ಗಂಟೆ ಕಾದರು. ಆ ಮೂರು ಗಂಟೆ ಹೆಂಡತಿ ಗಡಿಬಿಡಿಯ ಬೆನ್ನು ಸವರುತ್ತ ಕೊಟ್ಟಿಗೆಯಲ್ಲೇ ನಿಂತಿದ್ದಳು. ನನ್ನ ಜತೆ ಮಾತಾಡಿದವರು ಯಾರೂ ಇಲ್ಲ. ಕೊನೆಗೆ ಮೇಡಂ ಬಂದು, "ಗುಂಡಿ ಸೋರ್ತಿಲ್ಲ. ಮುಚ್ಚಿಸ್ಬೇಕಾಗಿರೋದು ಪೈಪು ಮಾತ್ರ. ದನ ಇರಲಿ" ಎಂದರು. ಹೆಂಡತಿ ಹಸುವಿನ ಕೊರಳಿಗೆ ಹಣೆ ಒತ್ತಿ ನಿಂತಳು.

"ಆದ್ರೆ ಒಂದು ಷರತ್ತು. ಸರಿಯಾದ ವ್ಯವಸ್ಥೆ ಆಗೋವರೆಗೂ ಕೊಟ್ಟಿಗೆ ತೊಳೆದ ನೀರು ಒಂದು ಹನಿ ಬಿಡದೆ ಬಕೆಟ್ಟಲ್ಲಿ ಗುಂಡಿಗೆ ಹೋಗ್ಬೇಕು. ಬೆಳಿಗ್ಗೆ ಸಂಜೆ. ಯಾರು ಹೊರ್ತೀರಿ?"

ಉತ್ತರ ಎಲ್ಲಿ ನಿಂತಿದೆ ಎಂದು ದೂರದಿಂದಲೇ ಕಾಣುತ್ತಿತ್ತು, ಅಷ್ಟು ಹಸಿರಾಗಿತ್ತು.

ನನ್ನ ಸಿಟ್ಟು ಏನೆಂದು ಈಗಲಾದರೂ ಅರ್ಥವಾಯಿತೇ? ಏಳು ವರ್ಷ ಯಾರಿಗೂ ಸಿಗದ ಸೋರಿಕೆಯನ್ನು ಒಂದೇ ಬೆಳಿಗ್ಗೆಯಲ್ಲಿ ಹಿಡಿದುಕೊಟ್ಟವನು ನಾನು! ಒಬ್ಬರಾದರೂ ಧನ್ಯವಾದ ಹೇಳಿದರೇ? ಟೀಚರಮ್ಮನ ಬಾವಿ ಬರಿದು ಮಾಡಿ ತೊಳೆದವನೂ ನಾನೇ, ಎರಡು ದಿನ. ಅವರು ಮೇಲೆ ಕುರ್ಚಿ ಹಾಕಿಕೊಂಡು ಕುಳಿತು ಅಕ್ಷರ ತಿದ್ದಿದ ಹಾಗೆ ತಿದ್ದಿದರು. ಬಾತುಕೋಳಿಗಳು ನಾಲ್ಕೇ ದಿನದಲ್ಲಿ ಬೆಳ್ಳಗಾದವು. ನನ್ನ ಮೀಸೆಗೆ ಒಂಬತ್ತು ದಿನ ಬೇಕಾಯಿತು. ದಿನಾ ಬೆಳಿಗ್ಗೆ ನಾನು ಬಕೆಟ್ಟು ಹೊತ್ತು ಗುಂಡಿಯ ಕಡೆ ಹೊರಟರೆ ಆಚೆ ದಡದಿಂದ ಕೂಗು ಬರುತ್ತದೆ: "ಭಾವ, ಗುಂಡಿಗೆ ಅಂಗಿ ಸರಿಹೋಯ್ತಾ?"

ಐದನೆಯ ದಿನ ಗಡಿಬಿಡಿ ನಮ್ಮದೇ ಕೊಟ್ಟಿಗೆಯಲ್ಲಿ ಕರು ಹಾಕಿತು. ಅಂದು ಹೆಂಡತಿ ನನ್ನೊಡನೆ ಮಾತು ಆರಂಭಿಸಿದಳು. "ಬಕೆಟ್ಟು ತುಂಬಿದೆ" ಎಂಬುದು ಮೊದಲ ವಾಕ್ಯ. ಆದರೂ ನನಗೆ ಧೈರ್ಯ ಬಂತು. ಹಳ್ಳದ ನೀರು ತಿಳಿಯಾಗಿದೆಯೇ ನೋಡಿ ಬರೋಣ ಎಂದು ಹೊಲಕ್ಕಿಳಿದರೆ, ಕೆಂಪು ಬಟ್ಟೆಯ ಗೂಟಗಳಿಗಿಂತ ಬಹಳ ಈಚೆಗೆ ಹೊಸ ಗೂಟದ ಸಾಲು! ಅವುಗಳ ತುದಿಗೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಹಸಿರು ಕಲೆ. ನಾನು ಕೆಡಿಸಿದ ನರ್ಸಿನ ಕೋಟು!

"ಇದೇನೇ ಇದು?"

ಹಿಂದೆಯೇ ಬಂದ ಹೆಂಡತಿ ಅಳತೆ ಪುಸ್ತಕದ ಹಿಂಬದಿ ತೆರೆದು ತೋರಿಸಿದಳು. ಹೊಸ ಪುಟದಲ್ಲಿ ದುಂಡಗೆ ಬರೆದಿದ್ದಳು: "ಹಳ್ಳದಿಂದ ಇರಬೇಕಾದ ದೂರ. ಗೊಬ್ಬರ, ಇಪ್ಪತ್ತೈದು ಹೆಜ್ಜೆ. ಯಜಮಾನರು, ಐವತ್ತು ಹೆಜ್ಜೆ."

ನನಗೆ ರೇಗಿತು. ಗೊಬ್ಬರಕ್ಕಿಂತ ಎರಡು ಪಟ್ಟು! ಅಳತೆಯ ವಿಷಯದಲ್ಲಿ ದರ್ಜಿಗೆ ಅವಮಾನ! ಹಳ್ಳದಂಚಿನಿಂದ ಶುರುಮಾಡಿ ಅವಳು ಟೇಪಿನ ಆ ತುದಿ ಹಿಡಿದಳು, ನಾನು ಈ ತುದಿ ಹಿಡಿದೆ. ಹೆಜ್ಜೆಗೆ ಎರಡೂವರೆ ಅಡಿಯಂತೆ ಲೆಕ್ಕ ಹಾಕಿ, ಐದಡಿಯ ಟೇಪನ್ನು ಇಪ್ಪತ್ತಾರು ಸಲ ಸರಿಸಿ ಗೂಟದವರೆಗೂ ಅಳೆದೆ. ಸಿಕ್ಕಿಬಿದ್ದಳು!

"ಐವತ್ತಲ್ಲ, ಐವತ್ತೆರಡು ಹೆಜ್ಜೆ ಇದೆ! ಎರಡು ಹೆಜ್ಜೆ ಜಾಸ್ತಿ! ನೋಡಿದ್ಯಾ, ನಿನ್ನ ಅಳತೇನೂ ತಪ್ಪು!" ಎಂದು ವಿಜಯದಿಂದ ಕೂಗಿದೆ.

"ತಪ್ಪಲ್ಲ ಕಣ್ರೀ," ಎಂದು ಅವಳು ಟೇಪು ಸುತ್ತಿ ನನ್ನ ಕೊರಳಿಗೆ ಹಾಕಿದಳು. "ನೀವು ಅಂಗಿ ಹೊಲಿಯುವಾಗ ಒಳಗೆ ಎರಡಿಂಚು ಬಿಡಲ್ವಾ, ಗಿರಾಕಿ ಬೆಳೆದ್ರೆ ಬಿಚ್ಚಿ ಕೊಡೋಕೆ? ಅದೇ ಇದು. ನಾಳೆ ನಿಮ್ಮ ಬುದ್ಧಿ ಬೆಳೆದ್ರೆ ಆ ಎರಡು ಹೆಜ್ಜೆ ಬಿಚ್ಚಿ ಕೊಡ್ತೀನಿ."